ಪಿಸ್ತೂಲಿನ ಪವರ್ ಹೆಚ್ಚಿಸುವ ಕೆಲಸ ಇನ್ನು ಮುಂದೆ ಇಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಬೆಳಗಾವಿ

ನಮ್ಮ ಎಲ್ಲ ಗ್ರಾಹಕ ಬಂಧುಗಳಿಗೆ ಶರಣು.

ಈ ಖಂಡೆ ನವಮಿಯಿಂದ ನಮ್ಮ ಬಂದೂಕು ಅಂಗಡಿಯ ರಿಪೇರಿ ಕೆಲಸದಲ್ಲಿ ಒಂದು ಬದಲಾವಣೆ ಆಗುತ್ತಿದೆ. ಪಿಸ್ತೂಲಿಗೆ ಬಿಗಿ ಸ್ಪ್ರಿಂಗ್ ಹಾಕುವುದು, ಬೇರೆ ಬ್ಯಾರೆಲ್ ಕೂರಿಸುವುದು, ಹೀಗೆ ಪವರ್ ಜಾಸ್ತಿ ಮಾಡುವ ಯಾವ ಕೆಲಸವನ್ನೂ ನಾವು ಇನ್ನು ತೆಗೆದುಕೊಳ್ಳುವುದಿಲ್ಲ. ಸಾಮಾನು ನೀವೇ ತಂದುಕೊಟ್ಟರೂ ಹಾಕುವುದಿಲ್ಲ. ಕಂಪನಿ ಹೇಳಿದ ಅಳತೆಯ ಸ್ಪ್ರಿಂಗ್, ಮ್ಯಾಗಜೀನ್, ಫೈರಿಂಗ್ ಪಿನ್ ಬದಲಿಸುವುದು, ಸ್ವಚ್ಛ ಮಾಡುವುದು, ತುಕ್ಕು ತೆಗೆಯುವುದು ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ಇದರ ಜೊತೆಗೆ ರಿಪೇರಿಗೆ ಬಂದ ಪ್ರತಿ ಪಿಸ್ತೂಲಿಗೂ ಪೂರ್ತಿ ತಪಾಸಣೆ ಸೇರಿಸುತ್ತಿದ್ದೇವೆ. ಅದಕ್ಕೆ ಬೇರೆ ದುಡ್ಡಿಲ್ಲ.

ಒಂದು ಬೋರ್ಡ್ ತೂಗುಹಾಕಿ ಸುಮ್ಮನಿರಬಹುದಿತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ತಂದೆಯ ಕಾಲದಿಂದ ನಮ್ಮಲ್ಲಿಗೇ ಬರುವವರು. ಖಾನಾಪುರ ಕಡೆಯ ರೈತರಿದ್ದೀರಿ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾಗಿ ಬ್ಯಾಂಕಿನ ಕಾವಲಿಗೆ ನಿಂತ ಮಾಜಿ ಸೈನಿಕರಿದ್ದೀರಿ. ಜಮಖಂಡಿ, ಮುಧೋಳ, ಇಂಡಿಯಿಂದ ಬರುವವರಿದ್ದೀರಿ. ನಿಮಗೆ ಕಾರಣ ಪೂರ್ತಿ ಗೊತ್ತಿರಬೇಕು.

ಇತ್ತೀಚೆಗೆ ಅಂಗಡಿಗೆ ಬರುವವರು ಕೇಳುವುದೇ ಬದಲಾಗಿದೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ತೋರಿಸುತ್ತಾರೆ. ಅಲಾಸ್ಕಾದ ಕಾಡಿಗೆ ಹೋಗುವವರು ಕರಡಿ ಭಯಕ್ಕೆ ಸೊಂಟದಲ್ಲಿ 10 ಎಂಎಂ ಪಿಸ್ತೂಲು ಕಟ್ಟಿಕೊಂಡಿರುತ್ತಾರೆ. ಟೆಕ್ಸಾಸಿನಲ್ಲಿ ಅದರಿಂದಲೇ ಕಾಡುಹಂದಿ ಹೊಡೆಯುತ್ತಾರೆ. ‘ನಮ್ಮ .32 ಪಿಸ್ತೂಲನ್ನೂ ಸ್ವಲ್ಪ ಬಿಗಿ ಮಾಡಿ ಹಂಗ ಮಾಡಿಕೊಡ್ರಿ’ ಎಂಬ ಮಾತು ಬರುತ್ತದೆ. ಇನ್ನು ಕೆಲವರ ಮಕ್ಕಳು ಅಮೆರಿಕದಲ್ಲೇ ನೌಕರಿಯಲ್ಲಿದ್ದಾರೆ, ಅಲ್ಲಿನ ಲೈಸೆನ್ಸ್ ಇದೆ, ಬೇಟೆಗೂ ಹೋಗುತ್ತಾರೆ. ಯಾವ ಪಿಸ್ತೂಲು ಒಳ್ಳೆಯದು ಎಂದು ಅಪ್ಪನ ಕಡೆಯಿಂದ ನಮ್ಮನ್ನು ಕೇಳಿಸುತ್ತಾರೆ. ಇಬ್ಬರಿಗೂ ನಾವು ಹೇಳುವುದು ಒಂದೇ. ಪಿಸ್ತೂಲನ್ನು ಕಟ್ಟುವುದು ಒಂದು ಕಾಡತೂಸಿನ ಸುತ್ತ. ಎಷ್ಟು ಶಕ್ತಿ ಬೇಕು ಎಂಬುದನ್ನು ಕೊಳ್ಳುವ ದಿನವೇ ತೀರ್ಮಾನಿಸಬೇಕು. ಆಮೇಲೆ ಹೊರಗಿನಿಂದ ತುಂಬುವುದಕ್ಕೆ ಬರುವುದಿಲ್ಲ.

ಮೊದಲು ನಮ್ಮ ಊರಿನ .32 ನೋಡೋಣ. ಈ ಸಂಖ್ಯೆ ಗುಂಡಿನ ದಪ್ಪದ ಅಂದಾಜು ಅಳತೆ, ಅಂಗುಲದ ಲೆಕ್ಕದಲ್ಲಿ. ಈ ಕಾಡತೂಸನ್ನು ರೂಪಿಸಿದವರು ಜಾನ್ ಬ್ರೌನಿಂಗ್. 1899ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಂಪನಿ ಇದನ್ನು ತಂದಿತು. ಗುಂಡಿನ ತೂಕ ಸುಮಾರು 71 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಚಿಲ್ಲರೆ. ಶಕ್ತಿ ಸುಮಾರು 170 ಜೂಲ್. 10 ಎಂಎಂ ಆಟೊ ಮೊದಲು ಬಂದಾಗ ಅದರ ಗುಂಡು 200 ಗ್ರೇನ್, ವೇಗ ಸೆಕೆಂಡಿಗೆ 1200 ಅಡಿ. ಲೆಕ್ಕ ಹಾಕಿದರೆ 850 ಜೂಲ್ ದಾಟುತ್ತದೆ. ಐದು ಪಟ್ಟು! ಕಾಡತೂಸು ಕೂರುವ ಚೇಂಬರಿನೊಳಗಿನ ಒತ್ತಡವೂ ಬಹಳ ಹೆಚ್ಚು. ಅಮೆರಿಕದ ಮಾನದಂಡದಲ್ಲಿ .32ರ ಗರಿಷ್ಠ ಒತ್ತಡ 20,500 ಪಿಎಸ್‌ಐ (ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡ್ ಭಾರ), 10 ಎಂಎಂದು 37,500.

ಈ ಒತ್ತಡವನ್ನು ತಡೆದು ನಿಲ್ಲಿಸುವ ವಿಧಾನವೇ ಎರಡರಲ್ಲೂ ಬೇರೆ. ಹಳೆಯ ಕೋಲ್ಟ್ 1903, ವೆಬ್ಲಿ, ಬ್ರೌನಿಂಗ್ 1910, ಹೀಗೆ ನಿಮ್ಮ ಮನೆಗಳಲ್ಲಿರುವ ಬಹುತೇಕ .32 ಪಿಸ್ತೂಲುಗಳಲ್ಲಿ ಬ್ಯಾರೆಲ್ ಮತ್ತು ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಒಂದಕ್ಕೊಂದು ಲಾಕ್ ಆಗುವುದೇ ಇಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಚೇಂಬರನ್ನು ಮುಚ್ಚಿ ಹಿಡಿದಿರುತ್ತವೆ. ಅಗಳಿಯಿಲ್ಲದ ಬಾಗಿಲಿಗೆ ಒಳಗಿನಿಂದ ಕಲ್ಲು ಆನಿಸಿಟ್ಟ ಹಾಗೆ. .32ಕ್ಕೆ ಅಷ್ಟು ಸಾಕು, ನೂರು ವರ್ಷದಿಂದ ಸಾಕಾಗಿದೆ. 10 ಎಂಎಂ ಪಿಸ್ತೂಲಿನಲ್ಲಿ ಬ್ಯಾರೆಲ್ಲೇ ಸ್ಲೈಡಿಗೆ ಕಚ್ಚಿಕೊಂಡಿರುತ್ತದೆ. ಗುಂಡು ಹೊರಟು ಒತ್ತಡ ಇಳಿದ ಮೇಲೆ ಬ್ಯಾರೆಲ್ ಕೆಳಗೆ ಬಾಗಿ ಬಿಡಿಸಿಕೊಳ್ಳುತ್ತದೆ. ಆ ಹಲ್ಲು, ಆ ಬಾಗು ಇಲ್ಲದ ಪಿಸ್ತೂಲಿಗೆ ಎಂಥ ಸ್ಪ್ರಿಂಗ್ ಹಾಕಿದರೂ ಅವು ಬರುವುದಿಲ್ಲ, ಅಲ್ವಾ?

ಬಿಗಿ ಸ್ಪ್ರಿಂಗ್ ಹಾಕಿದರೆ ಗುಂಡಿನ ವೇಗವೂ ಹೆಚ್ಚುವುದಿಲ್ಲ. ಮಾಮೂಲಿ ಕಾಡತೂಸಿಗೆ ಆ ಸ್ಪ್ರಿಂಗನ್ನು ಪೂರ್ತಿ ಒತ್ತುವಷ್ಟು ಬಲ ಇರುವುದಿಲ್ಲ. ಸ್ಲೈಡ್ ಅರ್ಧಕ್ಕೇ ಹಿಂದೆ ಬರುತ್ತದೆ, ಕಾಡತೂಸಿನ ಖಾಲಿ ಕೇಸ್ (ಹೊರಕವಚ) ಹೊರಬೀಳದೆ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಹೋಗುವಾಗ ಮಾತ್ರ ಸ್ಲೈಡ್ ಜೋರಾಗಿ ಬಡಿಯುತ್ತದೆ. ಮ್ಯಾಗಜೀನಿನ ಹಳೆಯ ಸ್ಪ್ರಿಂಗ್ ಅಷ್ಟು ಬೇಗ ಮುಂದಿನ ಕಾಡತೂಸನ್ನು ಮೇಲೆತ್ತಲಾರದು. ಆತ್ಮರಕ್ಷಣೆಗೆ ಇಟ್ಟುಕೊಂಡ ಪಿಸ್ತೂಲು ಬೇಕಾದ ಹೊತ್ತಿಗೆ ಸಿಕ್ಕಿಬಿದ್ದರೆ ಏನು ಗತಿ? ನಮಗೆ ನಿಮ್ಮ ಚಿಂತೆ ಇರುವುದು ಇಲ್ಲಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. .32 ಪಿಸ್ತೂಲಿನ ಕಾಡತೂಸು ಬೇರೆ, .32 ರಿವಾಲ್ವರಿನ ಕಾಡತೂಸು ಬೇರೆ. ರಿವಾಲ್ವರಿಗೆ ಬೇಕಾದದ್ದು ಸ್ಮಿತ್ ಅಂಡ್ ವೆಸನ್ ಲಾಂಗ್. ಅದರ ಒತ್ತಡದ ಮಿತಿ 15,000 ಪಿಎಸ್‌ಐ ಅಷ್ಟೇ. ಪಿಸ್ತೂಲಿನ ಕಾಡತೂಸು ಕೆಲವು ರಿವಾಲ್ವರ್‌ಗಳಲ್ಲಿ ಕೂತುಬಿಡುತ್ತದೆ. ಕೂತಿತು ಎಂದು ಹೊಡೆಯಬೇಡಿ. ಹಳೆಯ ರಿವಾಲ್ವರಿನ ಸಿಲಿಂಡರ್ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಅಣ್ಣನ ಹತ್ತಿರ ಪಿಸ್ತೂಲು, ತಮ್ಮನ ಹತ್ತಿರ ರಿವಾಲ್ವರ್ ಇರುವ ಮನೆಗಳಲ್ಲಿ ಎರಡು ಡಬ್ಬಿಗಳನ್ನೂ ಬೇರೆ ಬೇರೆ ಕಡೆ ಇಡಿ.

ಇಂಥ ಅದಲುಬದಲು ಆಗಬಾರದೆಂದು ಹೊರದೇಶದ ತಯಾರಕರು ಮೊದಲೇ ಯೋಚಿಸಿದ್ದಾರೆ. 1935ರಲ್ಲಿ .357 ಮ್ಯಾಗ್ನಂ ಎಂಬ ಜೋರಿನ ರಿವಾಲ್ವರ್ ಕಾಡತೂಸು ಬಂದಾಗ ಅದರ ಕೇಸನ್ನು .38 ಸ್ಪೆಷಲ್‌ಗಿಂತ ಸ್ವಲ್ಪ ಉದ್ದ ಮಾಡಿದರು. ಜೋರಿನದು ಮೆತ್ತಗಿನ ರಿವಾಲ್ವರಿನಲ್ಲಿ ಕೂರಲೇಬಾರದು ಎಂದು. .460 ರೋಲ್ಯಾಂಡ್ ಕಾಡತೂಸು ಕೂಡ ಹಾಗೆಯೇ, .45 ಆಟೊಗಿಂತ ಸ್ವಲ್ಪ ಉದ್ದ. ಅಮೆರಿಕದಲ್ಲಿ ಅಪ್‌ಗ್ರೇಡ್ ಎಂದು ಹೆಚ್ಚು ಮಾತಿಗೆ ಬರುವುದು ಇದೇ. .45ರ ಮಿತಿ 21,000 ಪಿಎಸ್‌ಐ, ರೋಲ್ಯಾಂಡಿನದು 40,000. ಅಲ್ಲಿ ಇದಕ್ಕೆ ಬ್ಯಾರೆಲ್, ಸ್ಪ್ರಿಂಗ್, ಒದೆತ ತಗ್ಗಿಸುವ ಕಾಂಪೆನ್ಸೇಟರ್ ಎಲ್ಲ ಸೇರಿದ ಪೂರಾ ಸೆಟ್ ಮಾರುತ್ತಾರೆ. ಅದೂ ಮೊದಲೇ ಗಟ್ಟಿಯಾಗಿರುವ, ಲಾಕ್ ಆಗುವ .45 ಪಿಸ್ತೂಲುಗಳಿಗೆ ಮಾತ್ರ. ವಿಡಿಯೋದಲ್ಲಿ ಕಾಣುವುದು ಬರೀ ಬ್ಯಾರೆಲ್ ಬದಲಿಸಿದ ಎರಡು ನಿಮಿಷ.

ಅಮೆರಿಕದಲ್ಲಿರುವ ಮಕ್ಕಳಿಗೆ ಹೇಳಲು ನಮ್ಮ ಅಭಿಪ್ರಾಯ ಇಷ್ಟು. ಹೆಸರು ನೋಡಿ ಕೊಳ್ಳಬೇಡಿ, ಮ್ಯಾಗಜೀನ್ ಮತ್ತು ಬಿಡಿ ಭಾಗ ಸಿಗುತ್ತದೋ ನೋಡಿ. 10 ಎಂಎಂಗೆ ಬಂದ ಮೊದಲ ಪಿಸ್ತೂಲು ಬ್ರೆನ್ ಟೆನ್, 1983ರ ಹೊತ್ತಿನದು. ಪಿಸ್ತೂಲು ಚೆನ್ನಾಗಿತ್ತು, ಆದರೆ ಮ್ಯಾಗಜೀನ್ ಸಮಯಕ್ಕೆ ಬರಲಿಲ್ಲ. ಮ್ಯಾಗಜೀನ್ ಇಲ್ಲದೆಯೇ ಪಿಸ್ತೂಲು ಗ್ರಾಹಕರ ಕೈ ಸೇರಿತು. 1986ರಲ್ಲಿ ಕಂಪನಿಯೇ ಮುಚ್ಚಿತು. ಮರುವರ್ಷ ಕೋಲ್ಟ್ ಕಂಪನಿ ಡೆಲ್ಟಾ ಎಲೀಟ್ ತಂದಿತು. ಹಳೆಯ 1911 ಮಾದರಿಗೇ 10 ಎಂಎಂ ಕೂರಿಸಿದ್ದು. ಮೊದಲ ಕೆಲವು ಪಿಸ್ತೂಲುಗಳ ಫ್ರೇಮಿನಲ್ಲಿ, ಸ್ಲೈಡ್ ಸ್ಟಾಪಿನ ಮೇಲಿನ ತೆಳು ಪಟ್ಟಿಯಲ್ಲಿ ಬಿರುಕು ಬಿಟ್ಟಿತು. ಕಂಪನಿ ಆ ತುಣುಕನ್ನೇ ವಿನ್ಯಾಸದಿಂದ ತೆಗೆದುಹಾಕಿತು. ಅಷ್ಟು ದೊಡ್ಡ ಕಾರ್ಖಾನೆಯೇ ಜೋರಿನ ಕಾಡತೂಸಿಗಾಗಿ ಫ್ರೇಮ್ ತಿದ್ದಬೇಕಾಯಿತು.

ಆಮೇಲೆ ಬಂದ ಗ್ಲಾಕ್ 20 ಇಂದಿಗೂ ನಂಬಿಕೆಯದು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ನಾಯಿಗಾಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಯ ಭಯಕ್ಕೆ ಇದನ್ನೇ ಇಟ್ಟುಕೊಳ್ಳುತ್ತದೆ. ಗ್ಲಾಕ್ ಕಂಪನಿಯ ಮೂಲ ಬ್ಯಾರೆಲ್ ಇದ್ದರೆ ಬರೀ ಸೀಸದ ಗುಂಡು ಬೇಡ. ಬ್ಯಾರೆಲ್ಲಿಗೆ ಸೀಸ ಮೆತ್ತಿ ಒತ್ತಡ ಏರುತ್ತದೆ. .44 ಮ್ಯಾಗ್ನಂ ಹೊಡೆಯುವ ಡೆಸರ್ಟ್ ಈಗಲ್ ಗ್ಯಾಸಿನ ಬಲದಿಂದ ನಡೆಯುವ ಪಿಸ್ತೂಲು, ಅದಕ್ಕೂ ಬರೀ ಸೀಸ ಆಗದು, ಗ್ಯಾಸಿನ ರಂಧ್ರ ಕಟ್ಟಿಕೊಳ್ಳುತ್ತದೆ. ಅದರ ತೂಕ ಹೆಚ್ಚುಕಡಿಮೆ 2 ಕೆಜಿ. ದಿನವಿಡೀ ಕಾಡು ಸುತ್ತುವವರಿಗೆ ನಾವಂತೂ ಅದನ್ನು ಹೇಳುವುದಿಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರೇ 10 ಎಂಎಂನ ಒದೆತ ಜಾಸ್ತಿಯಾಯಿತೆಂದು ಮದ್ದು ಕಡಿಮೆ ಮಾಡಿಸಿದರು. ಅದರಿಂದಲೇ 1990ರಲ್ಲಿ .40 ಕಾಡತೂಸು ಹುಟ್ಟಿತು. ಕೈಗೆ ಹತೋಟಿ ಸಿಗದಿದ್ದರೆ ಆ ಶಕ್ತಿಯಿಂದ ಉಪಯೋಗವಿಲ್ಲ.

ಈಗ ನಮ್ಮ ಕಾನೂನಿನ ಮಾತು. 1972ರ ವನ್ಯಜೀವಿ ಕಾಯ್ದೆಯಿಂದ ಇಲ್ಲಿ ಬೇಟೆ ನಿಂತಿದೆ. ಕಬ್ಬಿನ ಗದ್ದೆಗೆ, ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಹೊಟ್ಟೆ ಉರಿಯುತ್ತದೆ, ನಮಗೆ ಗೊತ್ತು. ಆದರೂ ಅದಕ್ಕೆ ದಾರಿ ಅರಣ್ಯ ಇಲಾಖೆ, ಬೆಳೆ ಪರಿಹಾರದ ಅರ್ಜಿ. ಪಿಸ್ತೂಲು ಅದರ ದಾರಿಯೇ ಅಲ್ಲ. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಅದರ ಬಗ್ಗೆ ದಯವಿಟ್ಟು ನಮ್ಮನ್ನು ಕೇಳಬೇಡಿ. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದಕ್ಕೂ ಲೈಸೆನ್ಸ್ ಬೇಕು. ಮನೆಯಲ್ಲಿ ಮದ್ದು ತುಂಬಿ ಕಾಡತೂಸು ಮಾಡುವುದೂ ಲೈಸೆನ್ಸ್ ಇಲ್ಲದ ತಯಾರಿಕೆಯೇ. ಅದೇ ತಿದ್ದುಪಡಿಯಿಂದ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಒಂದು ಮಾರ್ಪಾಡಿನ ಆಸೆಗೆ ತಲೆಮಾರಿನ ಲೈಸೆನ್ಸ್ ಕಳೆದುಕೊಳ್ಳುವುದು ಬೇಡ. 1857ರಲ್ಲಿ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ತಿರುಗಿಬಿದ್ದ ನಾಡು ಇದು. ಮನೆಯ ಆಯುಧದ ಮೇಲೆ ನಿಮಗಿರುವ ಪ್ರೀತಿ ನಮಗೆ ಅರ್ಥವಾಗುತ್ತದೆ. ಅದು ನಿಮ್ಮ ಕೈಯಲ್ಲೇ ಉಳಿಯಲಿ ಎಂದೇ ಇಷ್ಟು ಹೇಳುತ್ತಿದ್ದೇವೆ.

ಹಾಗಾದರೆ .32ಕ್ಕೆ ಏನು ಮಾಡಬಹುದು? ಮಾಡುವುದು ಬಹಳ ಇದೆ. ವರ್ಷಗಟ್ಟಲೆ ಒತ್ತಿಹೋದ ಸ್ಪ್ರಿಂಗನ್ನು ಕಂಪನಿಯ ಅಳತೆಯದಕ್ಕೆ ಬದಲಿಸಿದರೆ ಪಿಸ್ತೂಲಿನ ನಡೆಯೇ ಬೇರೆಯಾಗುತ್ತದೆ. ಮ್ಯಾಗಜೀನಿನ ತುಟಿ ಸೊಟ್ಟಗಾಗಿದ್ದರೆ ಕಾಡತೂಸು ಸರಿಯಾಗಿ ಏರುವುದಿಲ್ಲ, ಹೊಸ ಮ್ಯಾಗಜೀನ್ ಹಾಕಿಸಿ. ಕೈಗೆ ಹೊಂದುವ ಹಿಡಿಕೆ ಹಾಕಿಕೊಡುವುದನ್ನು ನಾವು ನಿಲ್ಲಿಸಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಪಿಸ್ತೂಲನ್ನು ಚರ್ಮದ ಚೀಲದಲ್ಲೇ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಚುನಾವಣೆಗೆ ಠಾಣೆಯಲ್ಲಿ ಇಟ್ಟು ಬಿಡಿಸಿಕೊಂಡ ಬಂದೂಕನ್ನು ಒರೆಸಿ, ಎಣ್ಣೆ ಕಾಣಿಸಿ, ಆಮೇಲೇ ಕಪಾಟಿಗೆ ಸೇರಿಸಿ.

ಹೊಸ ತಪಾಸಣೆಯಲ್ಲಿ ಚೇಂಬರ್, ಬ್ಯಾರೆಲ್ಲಿನ ಒಳಮೈ, ಫ್ರೇಮಿನ ಬಿರುಕು, ಸೇಫ್ಟಿ, ಫೈರಿಂಗ್ ಪಿನ್ ಎಲ್ಲ ನೋಡುತ್ತೇವೆ. ನೀವು ಹೊಡೆದ ಖಾಲಿ ಕೇಸ್ ಒಂದೆರಡು ಇಟ್ಟುಕೊಂಡಿದ್ದರೆ ತನ್ನಿ. ಬುಡದ ಹತ್ತಿರ ಕೇಸ್ ಉಬ್ಬಿದ್ದರೆ ಅದರಿಂದಲೇ ಬಹಳ ಗೊತ್ತಾಗುತ್ತದೆ. ತೊಂದರೆ ಇದ್ದರೆ ಬರೆದುಕೊಡುತ್ತೇವೆ. ಹೊಡೆಯಲು ಯೋಗ್ಯವಲ್ಲದ್ದನ್ನು ಯೋಗ್ಯ ಎಂದು ಹೇಳುವುದಿಲ್ಲ, ಯಾರೇ ಒತ್ತಾಯ ಮಾಡಿದರೂ.

ಮೊದಲು ನಮ್ಮಲ್ಲೇ ಬಿಗಿ ಸ್ಪ್ರಿಂಗ್ ಹಾಕಿಸಿಕೊಂಡವರು ಖಂಡೆ ನವಮಿಯ ಪೂಜೆಗೆ ಮುಂಚೆ ಒಮ್ಮೆ ಬನ್ನಿ. ಮೂಲ ಅಳತೆಯ ಸ್ಪ್ರಿಂಗ್ ಪುಕ್ಕಟೆ ಹಾಕಿಕೊಡುತ್ತೇವೆ. ಹಳೆಯದು ಮನೆಯಲ್ಲಿದ್ದರೆ ಅದನ್ನೂ ತನ್ನಿ. ಬರುವಾಗ ಅಸಲು ಲೈಸೆನ್ಸ್ ಜೊತೆಗಿರಲಿ, ಜೆರಾಕ್ಸ್ ನಡೆಯುವುದಿಲ್ಲ. ರಿನ್ಯೂವಲ್‌ಗೆ ಕೊಟ್ಟಿದ್ದರೆ ಡಿಸಿ ಆಫೀಸಿನ ರಸೀದಿ ತನ್ನಿ. ಚೇಂಬರ್ ಖಾಲಿ ಮಾಡಿ, ಮ್ಯಾಗಜೀನ್ ಬೇರೆ ಮಾಡಿ, ಕಾಡತೂಸು ಬೇರೆ ಚೀಲದಲ್ಲಿ ತನ್ನಿ. ಹಬ್ಬದ ವಾರ ಗದ್ದಲ ಇರುತ್ತದೆ. ಮುಂಚೆ ಫೋನ್ ಮಾಡಿ ಬಂದರೆ ಮಿಸ್ತ್ರಿ ಸಮಾಧಾನವಾಗಿ ಕೂತು ನೋಡಲು ಆಗುತ್ತದೆ.

ನಿಮ್ಮ ವಿಶ್ವಾಸದ,
ಅಂಗಡಿಯ ಮಾಲೀಕರು ಮತ್ತು ಮಿಸ್ತ್ರಿಗಳು
ಬೆಳಗಾವಿ