ಸೋಮಾರಿ ಸೈತಾನರು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸೈತಾನರ ಕಥೆಯ ಮೇಲೆ ಓದುಗರೊಬ್ಬರು ಸಿಟ್ಟಾಗಿ ಪತ್ರ ಬರೆದಿದ್ದಾರೆ. ದೇವರನ್ನು ಶತ್ರು ಎಂದು ಕರೆದಿದ್ದು ತಪ್ಪಂತೆ. ಕಥೆ ಹೇಳುತ್ತಿರುವವನೇ ಸೈತಾನ, ಅವನು ಇನ್ನೇನೆಂದು ಕರೆಯಬೇಕು? ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ದುರ್ಯೋಧನ ಕೃಷ್ಣನನ್ನು ದನ ಕಾಯೋನು ಅಂತ ಹಂಗಿಸಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ಬೆಳಿಗ್ಗೆ ಎದ್ದು ಕೈ ಮುಗಿಯುವುದು ಮಾತ್ರ ಕೃಷ್ಣನಿಗೇ.

ನನ್ನ ತಕರಾರು ಬೇರೆ. ಆ ಕಥೆಯ ಸೈತಾನರು ತೀರಾ ಸೋಮಾರಿಗಳು. ಲಂಚ ತಿನ್ನುವ ಮಂತ್ರಿ, ಕೆರೆ ನುಂಗುವ ಸೈಟ್ ವ್ಯಾಪಾರಿ, ಕಳ್ಳ ಸ್ವಾಮೀಜಿ, ಬರೀ ಇಂಥವರ ಹಿಂದೆ ಸುತ್ತುತ್ತಾರೆ. ಇವರನ್ನು ಕೆಡಿಸೋಕೆ ಸೈತಾನ ಯಾಕೆ ಬೇಕು? ಓದಿದವರು "ಸರಿಯಾಗಿ ಝಾಡಿಸಿದ್ದಾನೆ" ಅಂದುಕೊಂಡು ಹಾಯಾಗಿ ತಿಂಡಿಗೆ ಕೂರುತ್ತಾರೆ, ಅಷ್ಟೇ.

ಈ ಬಗೆಯ ಬರವಣಿಗೆಯಲ್ಲಿ ಹೆಸರಾದದ್ದು ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಅವರ 'ಸ್ಕ್ರೂಟೇಪ್ ಲೆಟರ್ಸ್'. 1941ರಲ್ಲಿ ವಾರಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂದು, 1942ರಲ್ಲಿ ಪುಸ್ತಕವಾಯಿತು. ಒಟ್ಟು 31 ಪತ್ರ. ಹಿರಿಯ ಸೈತಾನನೊಬ್ಬ ಕೆಲಸಕ್ಕೆ ಹೊಸಬನಾದ ಸೋದರಳಿಯನಿಗೆ ಮನುಷ್ಯರನ್ನು ಕೆಡಿಸುವ ಪಾಠ ಹೇಳುತ್ತಾನೆ. ಆಗ ಯುರೋಪಿನಲ್ಲಿ ಯುದ್ಧ. ಹುಡುಗ ಸೈತಾನನಿಗೆ ಖುಷಿಯೋ ಖುಷಿ. ಮಾವ ಗದರುತ್ತಾನೆ: ಯುದ್ಧ ನೋಡಿ ಕುಣಿಯಬೇಡ, ನಿನ್ನ ಕೆಲಸ ನೋಡು ಅಂತ. ಕೆಲಸ ಎಂದರೆ ದಿನದಿನದ ಸಣ್ಣ ಸಣ್ಣ ಸಂಗತಿ. ಹೊಟ್ಟೆಬಾಕತನಕ್ಕೆ ಅವನು ಕೊಡುವ ಉದಾಹರಣೆ ಒಬ್ಬ ವಯಸ್ಸಾದ ತಾಯಿ. ಆಕೆ ತಿನ್ನುವುದೇ ಕಡಿಮೆ. ಆದರೆ ಚಹಾ ಇಷ್ಟೇ ತೆಳುವಿರಬೇಕು, ಬ್ರೆಡ್ ಇಷ್ಟೇ ಗರಿಗರಿ ಇರಬೇಕು. ಮನೆಮಂದಿಗೆಲ್ಲ ಸಾಕುಸಾಕು. ಆಕೆಗೆ ಮಾತ್ರ ತಾನು ಬಲು ಮಿತ ಅನ್ನುವ ಸಮಾಧಾನ! ನಮ್ಮ ಮದುವೆ ಮನೆಗಳಲ್ಲೂ ಇಂಥವರಿಲ್ವಾ? "ನಂಗೇನೂ ಬೇಡಮ್ಮ, ಅರ್ಧ ಲೋಟ ಕಾಫಿ ಸಾಕು. ಮೊದಲನೇ ಡಿಕಾಕ್ಷನ್ ಇರಲಿ, ಹಾಲಲ್ಲಿ ಕೆನೆ ಬೇಡ, ಲೋಟ ಸ್ವಲ್ಪ ಬಿಸಿ ಮಾಡಿಬಿಡು."

ಇದು ಹೊರಗಿನ ಸರಕು ಎನ್ನುವವರು ನಳನ ಕಥೆ ನೆನೆಯಲಿ. ಮಹಾಭಾರತದ ವನಪರ್ವದಲ್ಲಿ ಕಲಿಪುರುಷ ನಳನೊಳಗೆ ಹೊಗಲು ವರ್ಷಗಟ್ಟಲೆ ಹೊಂಚು ಹಾಕುತ್ತಾನೆ. ಹನ್ನೆರಡನೇ ವರ್ಷದಲ್ಲಿ ನಳ ಒಂದು ಸಂಜೆ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ. ಅಷ್ಟೇ ಸಾಕಾಯಿತು. ಮುಂದೆ ಪಗಡೆ, ರಾಜ್ಯ ಹೋಯಿತು, ಕಾಡು ಪಾಲಾದ.

ಆದ್ದರಿಂದ ಕಥೆಗಾರರಲ್ಲಿ ಒಂದು ಕೇಳಿಕೆ. ನಿಮ್ಮ ಸೈತಾನನನ್ನು ರಾಜಧಾನಿಯಿಂದ ಇಳಿಸಿ ನಮ್ಮ ನಾಲೆ ಬಯಲಿಗೆ ಕಳಿಸಿ. ಪಕ್ಕದವನ ಸರದಿಯ ನೀರನ್ನು ರಾತ್ರಿ ತನ್ನ ಗದ್ದೆಗೆ ತಿರುಗಿಸಿಕೊಳ್ಳುವವನ ಕಿವಿಯಲ್ಲಿ ಅವನು "ಕದಿ" ಅನ್ನೋದೇ ಇಲ್ಲ. "ಹೋದ ಸಲ ಅವನು ಮಾಡಿದ್ದು ನೆನಪಿದೆಯಾ?" ಅಂತಾನೆ. ಕಡೇ ಭಾಗದ ಗದ್ದೆ ಒಣಗಿದರೆ ದೂರುವುದಕ್ಕೆ ಸರ್ಕಾರ ಇದ್ದೇ ಇದೆ. ಹಾಗೇ ಮೈಸೂರಿಗೂ ಹೋಗಲಿ, ದಸರಾ ಹೊತ್ತಿಗೆ. ವರ್ಷವೆಲ್ಲ ಶಿಫಾರಸು ಸಂಸ್ಕೃತಿಯನ್ನು ಬೈಯುವವರು ಜಂಬೂಸವಾರಿ ಹತ್ತಿರ ಬಂದ ಕೂಡಲೇ "ಅಣ್ಣಾ, ಎರಡು ಪಾಸ್ ಸಿಗುತ್ತಾ?" ಎಂದು ಫೋನ್ ತಿರುಗಿಸುತ್ತಾರೆ. ಪಾಸ್ ಸಿಕ್ಕಿದರೆ ಫೋಟೊ ಸ್ಟೇಟಸ್‌ಗೆ, ಸಿಗದಿದ್ದರೆ ವ್ಯವಸ್ಥೆಯ ಮೇಲೆ ಪ್ರಬಂಧ.

ಇನ್ನು ಚಿತ್ರದ ಮಾತು. ಕಥೆಯ ಜೊತೆ ಕೊಂಬು, ಬಾಲದ ಸೈತಾನನನ್ನು ಬರೆದಿದ್ದೀರಿ. ಮಕ್ಕಳೂ ಹೆದರಲಿಲ್ಲ. ಲೂಯಿಸ್ ಕಲ್ಪಿಸಿದ ನರಕ ಒಂದು ದೊಡ್ಡ ಕಚೇರಿ, ಅಲ್ಲಿ ಮೇಲಿನವನಿಗೆ ವರದಿ, ಕೆಳಗಿನವನಿಗೆ ಬೈಗುಳ. ಮುಂದಿನ ಕಂತಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿದವನನ್ನು ಬರೆಸಿ.

ಇಂತಿ,
ನಿವೃತ್ತ ಗ್ರಂಥಪಾಲಕಿ,
ಮಂಡ್ಯ