ಕಾಗದದಲ್ಲಿರುವ ಶಿಕ್ಷಕಿಯನ್ನು ನನ್ನ ಮಗನ ಶಾಲೆಗೆ ಕಳುಹಿಸಿಕೊಡಿ

ನ್ಯೂಯಾರ್ಕ್ ರಾಜ್ಯ ಸೆನೆಟ್‌ನಲ್ಲಿ ನಮ್ಮ ಕ್ಷೇತ್ರವನ್ನು ಪ್ರತಿನಿಧಿಸುತ್ತಿರುವ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸವಿನಯ ವಂದನೆಗಳು. ಕಳೆದ ಮೂರು ವರ್ಷಗಳಲ್ಲಿ ಓದುವುದು ಕಷ್ಟವಾಗಿರುವ ನನ್ನ ಮಗನಿಗೆ ಸಿಗಬೇಕಾದ ವಿಶೇಷ ಶಿಕ್ಷಕಿಯ ಬಗ್ಗೆ ನಾನು ತಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ನಾಲ್ಕು ಪತ್ರಗಳನ್ನು ಬರೆದಿದ್ದೇನೆ. ಪತ್ರ ತಲುಪಿದೆ, ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ ಎಂಬ ಒಂದೇ ಒಕ್ಕಣೆಯ ಉತ್ತರ ನಾಲ್ಕಕ್ಕೂ ಬಂದಿದೆ. ಐದನೆಯದನ್ನು ನನ್ನ ತಾಯ್ನುಡಿಯಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಅನುವಾದ ತಮಗೆ ಬೇರೆಯಾಗಿ ತಲುಪಲಿದೆ. ಕನ್ನಡದಲ್ಲಿ ಬರೆಯಲು ಕಾರಣವಿದೆ. ಈ ದೇಶದಲ್ಲಿರುವ ನನ್ನ ಭಾಷೆಯ ಎಷ್ಟೋ ತಾಯಂದಿರು ಮಗುವಿಗೆ ಓದಿನ ತೊಡಕಿದೆ ಎಂಬ ವರದಿಯನ್ನು ಬೀರುವಿನ ತಳದಲ್ಲಿ ಮಡಿಸಿಟ್ಟು, ನೆಂಟರಿಷ್ಟರಿಗೆ ತಿಳಿಯದ ಹಾಗೆ ರಾತ್ರಿ ಹೊತ್ತು ಮಗುವಿನ ಪಕ್ಕದಲ್ಲಿ ಕುಳಿತು ಓದಿಸುತ್ತಿದ್ದಾರೆ. ಕೇಳುವ ಹಕ್ಕು ತಮಗೂ ಇದೆಯೆಂಬುದು ಅವರಿಗೆ ಗೊತ್ತಾಗಬೇಕು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಸೇರಿದ್ದು ಯಹೂದಿ ಮನೆತನವನ್ನು. ಮದುವೆಗೆ ಮುಂಚೆಯೇ ಆ ಧರ್ಮವನ್ನು ಓದಿ, ಮನಸಾರೆ ಒಪ್ಪಿ ಸ್ವೀಕರಿಸಿದೆ. ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ತಂದೆಯನ್ನು ಹೀಬ್ರೂವಿನಲ್ಲಿ ‘ಅಬ್ಬಾ’ ಎಂದೂ ನನ್ನನ್ನು ‘ಅಮ್ಮ’ ಎಂದೂ ಕರೆಯುತ್ತಾನೆ. ಒಂದು ಯಹೂದಿ ಡೇ ಸ್ಕೂಲಿನಲ್ಲಿ ಮೂರನೆಯ ತರಗತಿಯಲ್ಲಿದ್ದಾನೆ. ಬೆಳಗ್ಗೆ ಹೀಬ್ರೂ, ಪ್ರಾರ್ಥನೆ ಮತ್ತು ಯಹೂದಿಗಳ ಪವಿತ್ರ ಗ್ರಂಥವಾದ ತೋರಾ, ಮಧ್ಯಾಹ್ನ ಇಂಗ್ಲಿಷ್, ಗಣಿತ ಮತ್ತು ವಿಜ್ಞಾನ. ಹೀಗೆ ಎರಡು ಶಾಲೆಗಳ ಪಾಠ ಒಂದೇ ದಿನದಲ್ಲಿ ನಡೆಯುತ್ತದೆ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರಗಳನ್ನು ಗುರುತಿಸಿ ಓದುವುದು ಕಷ್ಟವಾಗುವ ತೊಡಕು, ಇದೆಯೆಂಬುದು ಆರನೆಯ ವಯಸ್ಸಿನಲ್ಲೇ ಪರೀಕ್ಷೆಯಿಂದ ಖಚಿತವಾಯಿತು.

ಅಂಥ ಮಗುವಿಗೆ ಈ ಶಾಲೆಯ ಒಂದು ದಿನ ಹೇಗಿರುತ್ತದೆ ಎಂಬುದನ್ನು ತಾವು ಯೋಚಿಸಬೇಕೆಂದು ಕೋರುತ್ತೇನೆ. ಇಂಗ್ಲಿಷನ್ನು ಎಡದಿಂದ ಬಲಕ್ಕೆ ಓದಬೇಕು, ಹೀಬ್ರೂವನ್ನು ಬಲದಿಂದ ಎಡಕ್ಕೆ. ಹೀಬ್ರೂವಿನ ದಾಲೆತ್ ಮತ್ತು ರೇಶ್ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಒಂದು ಮೂಲೆಯ ಮೊನೆಯಷ್ಟೇ. ಬೇತ್ ಮತ್ತು ಕಾಫ್ ಕೂಡ ಹಾಗೆಯೇ. ಸ್ವರಗಳು ಅಕ್ಷರದ ಕೆಳಗೂ ಮೇಲೂ ಚುಕ್ಕೆ ಗೀರುಗಳಾಗಿ ಕೂರುತ್ತವೆ, ನಮ್ಮ ಕಾಗುಣಿತ ಇದ್ದಂತೆ. ಚಿಕ್ಕ ಮಕ್ಕಳ ಪುಸ್ತಕಗಳಲ್ಲಿ ಆ ಚುಕ್ಕೆಗಳಿರುತ್ತವೆ, ತೋರಾದ ಸುರುಳಿಯಲ್ಲಿ ಇರುವುದಿಲ್ಲ. ಕನ್ನಡದ ಓದುಗರಿಗೆ ಹೇಳುವುದಾದರೆ, ಮಾನ, ಮೀನು, ಮೇನೆ, ಮೌನ ಎಂಬ ನಾಲ್ಕು ಪದಗಳಿಂದ ಇಳಿ, ಗುಡಿಸು, ಕೊಂಬು, ಏತ್ವ, ಔತ್ವಗಳನ್ನೆಲ್ಲ ಅಳಿಸಿ, ಎಲ್ಲವನ್ನೂ ‘ಮನ’ ಎಂದೇ ಬರೆದು ಮಗುವಿನ ಮುಂದಿಟ್ಟು, ಇದು ಯಾವುದೆಂದು ಓದು ಎಂದಂತೆ. ಇನ್ನು 11ನೆಯ ಶತಮಾನದ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ಹೆಸರಿನ ತೋರಾ ವ್ಯಾಖ್ಯಾನಕಾರರ ಟಿಪ್ಪಣಿಗಳನ್ನು ಬೇರೆಯೇ ಬಗೆಯ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ. ಮುಂದಿನ ವರ್ಷ ಅವನ್ನೂ ಅವನು ಕಲಿಯಬೇಕು. ಇವನು ದಡ್ಡನಲ್ಲ. ಕಿವಿಯಿಂದ ಕೇಳಿದ ಪ್ರಾರ್ಥನೆ ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ. ಕಣ್ಣೆದುರಿನ ಅಕ್ಷರವಷ್ಟೇ ಅವನಿಗೆ ನಿಲ್ಲುವುದಿಲ್ಲ.

ಸರ್ಕಾರ ನನ್ನ ಮಗನಿಗೆ ತೋರಾ ಕಲಿಸಬೇಕೆಂದು ನಾನು ಕೇಳುತ್ತಿಲ್ಲ. ಸಾರ್ವಜನಿಕ ಹಣದಲ್ಲಿ ಧರ್ಮಬೋಧನೆ ಸಲ್ಲದು ಎಂಬುದನ್ನು ಬಲ್ಲೆ, ಒಪ್ಪುತ್ತೇನೆ ಕೂಡ. ನಾನು ಕೇಳುತ್ತಿರುವುದು ಅವನ ಇಂಗ್ಲಿಷ್ ಓದಿಗೆ, ಬರಹಕ್ಕೆ, ಗಣಿತಕ್ಕೆ ಒತ್ತಾಸೆಯಾಗಿ ನಿಲ್ಲುವ ವಿಶೇಷ ಶಿಕ್ಷಕಿಯನ್ನು. ರಾಜ್ಯದ ಶಿಕ್ಷಣ ಕಾನೂನಿನ 3602-ಸಿ ಕಲಮಿನ ಪ್ರಕಾರ, ಖಾಸಗಿ ಶಾಲೆಯಲ್ಲಿ ಓದುವ ಮಗುವಿಗೂ ಈ ಸೇವೆ ಸಿಗಬೇಕು. ತಂದೆತಾಯಿ ಹಿಂದಿನ ಶೈಕ್ಷಣಿಕ ವರ್ಷದ ಜೂನ್ 1ರೊಳಗೆ, ಶಾಲೆಯಿರುವ ಶಾಲಾ ಜಿಲ್ಲೆಗೆ, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ, ಲಿಖಿತವಾಗಿ ಕೇಳಿಕೊಂಡಿರಬೇಕು, ಅಷ್ಟೇ. ಆ ದಿನಾಂಕವನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ. ಜಿಲ್ಲೆಯ ವಿಶೇಷ ಶಿಕ್ಷಣ ಸಮಿತಿ ಸೇರಿತು, ಅವನ ಕಲಿಕೆಗೆ ಬೇಕಾದ ನೆರವಿನ ಯೋಜನೆ ಬರೆಯಿತು, ವಾರಕ್ಕೆ ಐದು ಅವಧಿ ವಿಶೇಷ ಶಿಕ್ಷಕಿ ಎಂದು ನಮೂದಿಸಿತು, ನನ್ನ ಸಹಿ ಪಡೆಯಿತು. ಆ ಶಿಕ್ಷಕಿ ಮೂರು ವರ್ಷಗಳಿಂದಲೂ ಕಾಗದದ ಮೇಲೆಯೇ ಇದ್ದಾರೆ. ಅವರನ್ನು ನನ್ನ ಮಗನ ಶಾಲೆಗೆ ಕಳುಹಿಸಿಕೊಡಿ.

ಮೊದಲ ವರ್ಷ ಜಿಲ್ಲೆ ಕೊಡುವ ದರಕ್ಕೆ ಬರುವ ಶಿಕ್ಷಕಿಯರೇ ಸಿಗುತ್ತಿಲ್ಲ ಎಂದರು. ಜೂನ್‌ವರೆಗೂ ಇದನ್ನೇ ಹೇಳಿದರು. ಎರಡನೆಯ ವರ್ಷ, ಒಂಬತ್ತು ಮೈಲಿ ದೂರದ ಒಂದು ಸರ್ಕಾರಿ ಕಟ್ಟಡದಲ್ಲಿ ವಾರಕ್ಕೆ ಮೂರು ಅವಧಿಗಳ ಪಾಠ ಏರ್ಪಡಿಸಿ, ಬಸ್ ಕೊಟ್ಟರು. ನಲವತ್ತು ನಿಮಿಷದ ಪಾಠಕ್ಕಾಗಿ ಮಗು ಎರಡು ಗಂಟೆ ತರಗತಿಯಿಂದ ಹೊರಗಿರಬೇಕಾಗಿತ್ತು. ನಾವು ಅದನ್ನೂ ಒಪ್ಪಿಕೊಂಡೆವು.

ಆ ಫೆಬ್ರವರಿಯ ಒಂದು ಬೆಳಗ್ಗೆ ನಡೆದದ್ದನ್ನು ತಮ್ಮ ಕಚೇರಿಗೆ ಈಗಾಗಲೇ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಬಸ್ಸು ಅವನನ್ನು ಎಂದಿನಂತೆ ಪಕ್ಕದ ಬಾಗಿಲಿನ ಬಳಿ ಇಳಿಸಿ ಹೋಯಿತು. ಬಾಗಿಲಿಗೆ ಬೀಗ ಹಾಕಿತ್ತು. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಬಾಗಿಲಿನ ಮೇಲೆ ಒಂದು ಕಾಗದ ಅಂಟಿಸಿದ್ದರು: ಇಂದು ಈ ಬಾಗಿಲು ತೆರೆಯುವುದಿಲ್ಲ, ಕಟ್ಟಡದ ಮುಂಭಾಗಕ್ಕೆ ಬನ್ನಿ. ಎಂಟು ವರ್ಷದ ನನ್ನ ಮಗ ಆ ಕಾಗದದ ಮುಂದೆ ಮೂವತ್ತೈದು ನಿಮಿಷ ನಿಂತಿದ್ದ. ಅದನ್ನು ಓದಲು ಪ್ರಯತ್ನಿಸಿದೆ, ಮೊದಲ ಪದ ಗೊತ್ತಾಯಿತು, ಉಳಿದದ್ದು ಅಲುಗಾಡುತ್ತಿತ್ತು ಎಂದು ಆಮೇಲೆ ನನಗೆ ಹೇಳಿದ. ಕಸ ಹಾಕಲು ಹೊರಗೆ ಬಂದ ಕೆಲಸಗಾರರೊಬ್ಬರು ಅವನನ್ನು ಕಂಡು, ತಮ್ಮ ಕೋಟು ಹೊದಿಸಿ ಒಳಗೆ ಕರೆದುಕೊಂಡು ಹೋದರು. ಒಳಗೆ ಹೋದ ಮೇಲೆ ತಿಳಿದದ್ದು, ಶಿಕ್ಷಕಿ ಅಂದು ರಜೆಯಲ್ಲಿದ್ದರು.

ಓದಲು ಬಾರದ ಮಕ್ಕಳಿಗೆ ಓದು ಕಲಿಸುವ ಜಾಗದ ಬಾಗಿಲಿಗೆ ಓದಿ ತಿಳಿಯಬೇಕಾದ ಕಾಗದ ಅಂಟಿಸಿದ್ದರು, ಮಾನ್ಯರೇ. ನಾನು ದೂರು ಕೊಟ್ಟೆ. ಸೂಚನೆಯನ್ನು ನಿಯಮದಂತೆ ಪ್ರದರ್ಶಿಸಲಾಗಿತ್ತು ಎಂಬ ಉತ್ತರ ಬಂತು. ಆ ಉತ್ತರ ಬರೆದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇಚ್ಛೆಯೂ ನನಗಿಲ್ಲ. ಅಂದಿನಿಂದ ನಾವು ಅವನನ್ನು ಆ ಬಸ್ಸು ಹತ್ತಿಸಿಲ್ಲ, ಇವನ ಪೋಷಕರು ಸೇವೆಯನ್ನು ನಿರಾಕರಿಸಿದ್ದಾರೆ ಎಂದು ಕಡತದಲ್ಲಿ ಬರೆದಿದ್ದಾರೆ. ನಾವು ನಿರಾಕರಿಸಿದ್ದು ಬಸ್ಸನ್ನು. ಶಿಕ್ಷಕಿಯನ್ನು ಇಂದಿಗೂ ಕೇಳುತ್ತಿದ್ದೇವೆ.

ಈ ರಾಜ್ಯದ ಇತಿಹಾಸ ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಸರ್ಕಾರಿ ಶಿಕ್ಷಕರು ಧಾರ್ಮಿಕ ಶಾಲೆಯ ಒಳಗೆ ಹೋಗಿ, ಹಿಂದುಳಿದ ಮಕ್ಕಳಿಗೆ ಪೂರಕ ಪಾಠ ಹೇಳಿಕೊಡಬಾರದು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಅಗ್ವಿಲಾರ್ ಪ್ರಕರಣದಲ್ಲಿ ಹೇಳಿದಾಗ, ನ್ಯೂಯಾರ್ಕ್ ನಗರದ ಶಾಲೆಗಳ ಸಮೀಪ ವ್ಯಾನುಗಳನ್ನು ನಿಲ್ಲಿಸಿ, ಅವುಗಳೊಳಗೆ ಮಕ್ಕಳನ್ನು ಕೂರಿಸಿ ಕಲಿಸಿದರು. ಅದೇ ನ್ಯಾಯಾಲಯ 1997ರಲ್ಲಿ ಅಗಸ್ಟೀನಿ ಪ್ರಕರಣದಲ್ಲಿ ಆ ತೀರ್ಪನ್ನು ರದ್ದುಮಾಡಿ, ಶಿಕ್ಷಕರು ಶಾಲೆಯ ಒಳಗೇ ಹೋಗಬಹುದು ಎಂದಿತು. ಶಾಲೆಯಲ್ಲೇ ಸಹಾಯಕರು ಬೇಕೆಂದು ಇದೇ ರಾಜ್ಯದ ಬೇ ಶೋರ್ ಎಂಬ ಊರಿನ ಒಂದು ಕುಟುಂಬ ಕೇಳಿದಾಗ, ಖಾಸಗಿ ಶಾಲೆಯ ಮಗುವಿಗೆ ಸೇವೆ ಎಲ್ಲಿ ಸಿಗಬೇಕೆಂಬುದನ್ನು ಆ ಮಗುವಿನ ಅಗತ್ಯ ನೋಡಿ ತೀರ್ಮಾನಿಸಬೇಕು ಎಂದು ನಮ್ಮ ರಾಜ್ಯದ ಅತ್ಯುನ್ನತ ನ್ಯಾಯಾಲಯ 2010ರಲ್ಲಿ ಹೇಳಿದೆ. ಇಷ್ಟೆಲ್ಲ ಆದ ಮೇಲೂ ನನ್ನ ಮಗ ಪಾಠಕ್ಕಾಗಿ ವಾಹನ ಹತ್ತಬೇಕಾಯಿತು. ಯಾವ ಅಗತ್ಯ ನೋಡಿ ಒಂಬತ್ತು ಮೈಲಿ ಎಂದು ನಿರ್ಧರಿಸಿದರು ಎಂದು ಸಮಿತಿಯನ್ನು ಕೇಳಿದೆ. ಆ ಪ್ರಶ್ನೆಗೆ ಉತ್ತರ ಬಂದಿಲ್ಲ.

ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು, ಸರ್ಕಾರಿ ಶಾಲೆಗೆ ಸೇರಿಸಿಬಿಡಿ, ಎಲ್ಲವೂ ಒಂದೇ ಸೂರಿನಡಿ ಸಿಗುತ್ತದೆ, ಧಾರ್ಮಿಕ ಶಾಲೆ ನಿಮ್ಮ ಆಯ್ಕೆ ತಾನೇ ಎಂದರು. ಇವನ ಅಕ್ಕ ಅದೇ ಯಹೂದಿ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಆಕೆಗೆ ಓದು ಸಲೀಸು, ಹಾಗಾಗಿ ಆಕೆಯ ಆಯ್ಕೆಯನ್ನು ಯಾರೂ ಪ್ರಶ್ನಿಸಿಲ್ಲ. ಹದಿಮೂರನೆಯ ವಯಸ್ಸಿಗೆ ಇವನ ಬಾರ್ ಮಿಟ್ಸ್ವಾ, ಅಂದರೆ ಹುಡುಗ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದನೆಂದು ಗುರುತಿಸುವ ಸಮಾರಂಭ, ಬರುತ್ತದೆ, ಸಮುದಾಯದ ಎದುರು ನಿಂತು ತೋರಾ ಓದಬೇಕು. ಅಕ್ಷರ ನಿಧಾನವಾದ ಮಾತ್ರಕ್ಕೆ ತನ್ನ ಜನರ ಶಾಲೆಯನ್ನೇ ಬಿಡಬೇಕು ಎಂದು ಒಂದು ಮಗುವಿಗೆ ಹೇಳುವ ಅಧಿಕಾರ ಯಾವ ಸಮಿತಿಗೂ ಇಲ್ಲ.

ಶಾಲೆಯದೂ ತಪ್ಪಿದೆ, ಅದನ್ನೂ ಹೇಳದೆ ಬಿಡುವುದಿಲ್ಲ. ಕಳೆದ ವರ್ಷ ಅವನ ತರಗತಿಯ ಮಕ್ಕಳಿಗೆಲ್ಲ ಮೊದಲ ಹುಮಾಶ್ ಗ್ರಂಥ, ಅಂದರೆ ತೋರಾದ ಅಚ್ಚಾದ ಪುಸ್ತಕ, ಕೊಡುವ ಸಮಾರಂಭ ನಡೆಯಿತು. ಪ್ರತಿ ಮಗುವೂ ಒಂದು ಸಾಲು ಓದಿತು. ಇವನಿಗೆ ಪರದೆಯ ಹಗ್ಗ ಎಳೆಯುವ ಕೆಲಸ ಕೊಟ್ಟಿದ್ದರು. ಬಾಯಿಪಾಠ ಮಾಡಿಕೊಂಡಿದ್ದ ಸಾಲನ್ನು ಅವನು ಪರದೆಯ ಹಿಂದೆ ತನ್ನಷ್ಟಕ್ಕೆ ತಾನೇ ಹೇಳಿಕೊಂಡ, ನನಗೆ ಕೇಳಿಸಿತು. ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಅಂಗವಿಕಲರ ಹಕ್ಕುಗಳ 1990ರ ಕೇಂದ್ರ ಕಾಯ್ದೆಯ ಮೂರನೆಯ ಭಾಗದಿಂದ ವಿನಾಯಿತಿ ಇದೆ, ಅದರ ಹಿಂದೆ ಅವರು ನಿಂತುಕೊಳ್ಳುತ್ತಾರೆ. ಆದರೆ ಅವರೇ ಕಲಿಸುವ ಯಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್‌ನ ಬಾವಾ ಬಾತ್ರಾ ಭಾಗದಲ್ಲಿ ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕ, ನಲವತ್ತಾದರೆ ಒಬ್ಬ ಸಹಾಯಕ, ಐವತ್ತಾದರೆ ಇಬ್ಬರು ಶಿಕ್ಷಕರು ಎಂಬ ಲೆಕ್ಕವಿದೆ. ಸಹಾಯಕನ ಖರ್ಚಿಗೆ ಊರು ನೆರವಾಗಬೇಕು ಎಂದಿದೆ. ಓದಲಾರದ ಮಗುವನ್ನು ಹೊರಗೆ ಹಾಕಬೇಡ, ಅದು ಗೆಳೆಯರ ಜೊತೆಯಲ್ಲೇ ಕೂತಿರಲಿ ಎಂದೂ ಅಲ್ಲೇ ಇದೆ. ಹೀಬ್ರೂ ಪಾಠಕ್ಕೆ ಸಹಾಯಕರನ್ನು ಇಡುವ ಹೊಣೆ ಶಾಲೆಯದು, ಅದನ್ನು ಆಡಳಿತ ಮಂಡಳಿಗೆ ಬೇರೆಯಾಗಿ ಬರೆದಿದ್ದೇನೆ. ಆದರೆ ಜಿಲ್ಲೆಯೇ ತನ್ನ ಪಾಲಿನ ಶಿಕ್ಷಕಿಯನ್ನು ಕಳಿಸಿಲ್ಲ ಎಂದು ಶಾಲೆ, ಅದು ನಿಮ್ಮ ಆಯ್ಕೆಯ ಶಾಲೆ ಎಂದು ಜಿಲ್ಲೆ, ಹೀಗೆ ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತ ನನ್ನ ಮಗನ ಮೂರು ವರ್ಷ ಕಳೆದಿದ್ದಾರೆ. ಆ ಶಾಲೆಯ ವಾರ್ಷಿಕ ಭೋಜನಕೂಟಕ್ಕೆ ತಾವು ಬಂದಿದ್ದಿರಿ, ಇಲ್ಲಿ ಪ್ರತಿ ಮಗುವಿಗೂ ಜಾಗವಿದೆ ಎಂದಿರಿ. ನಾನು ಎಂಟನೆಯ ಮೇಜಿನಲ್ಲಿ ಕುಳಿತು ಕೇಳಿಸಿಕೊಂಡೆ. ಆ ಮಾತನ್ನು ನಂಬಿಯೇ ತಮಗೆ ಮೂರನೆಯ ಪತ್ರ ಬರೆದೆ.

ನಮ್ಮ ಮನೆಯ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಶಾಲೆಯ ಶುಲ್ಕದ ಮೇಲೆ, ಖಾಸಗಿ ಶಿಕ್ಷಕಿಯೊಬ್ಬರಿಗೆ ಗಂಟೆಗೆ 120 ಡಾಲರ್‌ನಂತೆ ವಾರಕ್ಕೆ ಎರಡು ಗಂಟೆ ಕೊಡುತ್ತಿದ್ದೇವೆ. ಎರಡನೆಯ ಕಾರು ಮಾರಿದೆವು. ನಾನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಗೆ ಬದಲಾಯಿಸಿಕೊಂಡೆ, ಶಾಲೆ ಬಿಟ್ಟ ಮೇಲೆ ಅವನ ಜೊತೆ ಕೂರಲು ಹೊತ್ತು ಸಿಗಲೆಂದು. ಸಾಗರದಲ್ಲಿರುವ ನನ್ನ ತಾಯಿಯನ್ನು ನೋಡಿ ನಾಲ್ಕು ವರ್ಷವಾಯಿತು. ಟಿಕೆಟ್ಟಿನ ದುಡ್ಡು ಪಾಠಕ್ಕೆ ಹೋಗಿದೆ. ಇಷ್ಟನ್ನೂ ಮಾಡಲಾಗದ ಮನೆಗಳು ಅದೇ ಶಾಲೆಯಲ್ಲಿವೆ. ಆ ಮಕ್ಕಳ ಯೋಜನೆಗಳಲ್ಲೂ ವಾರಕ್ಕೆ ಇಷ್ಟು ಅವಧಿ ಎಂದು ಬರೆದಿದೆ, ಅವರಿಗೂ ಯಾರೂ ಬಂದಿಲ್ಲ. ಇದನ್ನು ಹೊರಗೆ ಹೇಳಲು ಅವರು ಹೆದರುತ್ತಾರೆ, ಮುಂದಿನ ವರ್ಷ ಶಾಲೆ ಮಗುವನ್ನು ಸೇರಿಸಿಕೊಳ್ಳದಿದ್ದರೆ ಎಂಬ ಭಯ.

ಹೊಸ ಕಾನೂನು ತನ್ನಿ ಎಂದು ನಾನು ಕೇಳುತ್ತಿಲ್ಲ, ಸಮಿತಿ ಬೇಡ, ಅಧ್ಯಯನವೂ ಬೇಡ. ಇರುವ ಕಾನೂನಿನಂತೆ ಬರೆದುಕೊಟ್ಟ ಶಿಕ್ಷಕಿಯನ್ನು ಅವನ ಶಾಲೆಗೆ, ಅವನ ತರಗತಿಗೆ ಕಳುಹಿಸಿಕೊಡಿ. ಜಿಲ್ಲೆ ಕೊಡುವ ದರಕ್ಕೆ ಯಾರೂ ಬರುವುದಿಲ್ಲ ಎಂದಾದರೆ ದರವನ್ನು ಸರಿಪಡಿಸುವ ಕೆಲಸ ಸರ್ಕಾರದ್ದು, ಆ ಸರ್ಕಾರದ ಆಯವ್ಯಯಕ್ಕೆ ಮತ ಹಾಕುವವರು ತಾವು.

ಬರುವ ಜೂನ್ 1ರೊಳಗೆ ನಾನು ಮತ್ತೆ ಅದೇ ಅರ್ಜಿಯನ್ನು ಬರೆದು, ಅದೇ ಕಚೇರಿಗೆ ಕೊಡಬೇಕು. ಅದಕ್ಕೆ ಮುನ್ನ ತಮ್ಮಿಂದ ನನಗೆ ಬೇಕಾಗಿರುವ ಉತ್ತರದಲ್ಲಿ ಮೂರೇ ವಿವರಗಳಿರಲಿ: ಸೆಪ್ಟೆಂಬರಿನಲ್ಲಿ ಬರುವ ಶಿಕ್ಷಕಿ ಯಾರು, ಯಾವ ದಿನದಿಂದ ಬರುತ್ತಾರೆ, ಶಾಲೆಯ ಯಾವ ಕೋಣೆಯಲ್ಲಿ ಕಲಿಸುತ್ತಾರೆ. ಪತ್ರ ತಲುಪಿದೆ ಎಂಬ ಉತ್ತರವನ್ನು ದಯವಿಟ್ಟು ಕಳುಹಿಸಬೇಡಿ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು, ಒಬ್ಬ ತಾಯಿ