ಏಳನೇ ತರಗತಿಯ ಬಸ್ ನಾಟಕದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಬುಧವಾರ ನಾಟಕದ ಅಭ್ಯಾಸದಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಕುರ್ಚಿಯಿಂದ ನಿಜವಾಗಿಯೇ ತಳ್ಳಿಬಿಟ್ಟ. ಬಿದ್ದವನ ಮೊಣಕೈ ತರಚಿತು. ಆಗ ಶಿಕ್ಷಕರು ಅಲ್ಲೇ ಇರಬೇಕಿತ್ತು, ಇರಲಿಲ್ಲ. ತಪ್ಪು ನಮ್ಮದು.

ಆದರೆ ನನಗೆ ಬಂದ ಫೋನುಗಳು ಮೊಣಕೈ ಬಗ್ಗೆ ಅಲ್ಲ. "ಹೊಡೆದರೂ ತಿರುಗಿ ಹೊಡೀಬೇಡ ಅಂತ ಹೇಳಿಕೊಡ್ತಿದ್ದೀರಂತೆ, ಮಕ್ಕಳನ್ನ ಪುಕ್ಕಲರನ್ನಾಗಿ ಮಾಡ್ತೀರಾ ಮೇಡಂ?" ಅಂತ.

ನಾಟಕ ಅಮೆರಿಕದ ಮಾಂಟ್ಗೊಮರಿ ಊರಿನದು. ಅಲ್ಲಿ ಕಪ್ಪು ಜನ ಎಷ್ಟೋ ಸಲ ಬಸ್ಸಿನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. 1955ರ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದರು. ಆಮೇಲೆ 381 ದಿನ ಅಲ್ಲಿನ ಕಪ್ಪು ಜನ ಬಸ್ ಹತ್ತಲಿಲ್ಲ. ನಡೆದರು, ಕಾರು ಹಂಚಿಕೊಂಡರು. ಮುಂದಾಳು ಮಾರ್ಟಿನ್ ಲೂಥರ್ ಕಿಂಗ್, ಹೋರಾಟ ಶುರುವಾದಾಗ 26 ವರ್ಷದ ಪಾದ್ರಿ. 1956ರ ಜನವರಿ 30ರ ರಾತ್ರಿ ಅವರ ಮನೆಯ ಜಗಲಿಗೆ ಬಾಂಬ್ ಎಸೆದರು. ಒಳಗೆ ಹೆಂಡತಿ, ಎರಡು ತಿಂಗಳು ದಾಟಿದ ಹಸುಗೂಸು. ಸಿಟ್ಟಿಗೆದ್ದ ಜನ ಆಯುಧ ಹಿಡಿದು ಬಂದಿದ್ದರು. ಕಿಂಗ್ ಅದೇ ಜಗಲಿಯಲ್ಲಿ ನಿಂತು, ಆಯುಧ ತಂದವರು ಮನೆಗೆ ಒಯ್ಯಿರಿ ಅಂದರು.

ಇವರನ್ನು ಪುಕ್ಕಲು ಅನ್ನೋದು ಹೇಗೆ?

ಕೊನೆಗೆ ಕೋರ್ಟಿನಲ್ಲಿ ಗೆದ್ದು ಬಸ್ ಹತ್ತುವ ಮೊದಲು ಅವರೂ ಚರ್ಚಿನಲ್ಲಿ ಕುರ್ಚಿಗಳನ್ನು ಬಸ್ಸಿನ ಹಾಗೆ ಜೋಡಿಸಿ ಅಭ್ಯಾಸ ಮಾಡಿದ್ದರು. ಒಬ್ಬ ಬೈಯುವವನು, ಒಬ್ಬ ತಳ್ಳುವವನು. ಸಿಟ್ಟು ಬಂದರೂ ಕೈ ಎತ್ತದೆ ಕೂರುವುದನ್ನು ದೊಡ್ಡವರೇ ಹೀಗೆ ಕಲಿಯಬೇಕಾಯಿತು. ನಮ್ಮ ಮಕ್ಕಳ ನಾಟಕ ಇಷ್ಟೇ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಾನೂ ಒಬ್ಬ ತಾಯಿ. ನನ್ನ ಮಗ ಪೆಟ್ಟು ತಿಂದು ಬಂದ ದಿನ "ನೀನೂ ಎರಡು ಬಿಡಬಾರದಿತ್ತಾ" ಅಂದವಳೇ. ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ: ತಿರುಗಿ ಹೊಡೀಬೇಡ ಅಂದರೆ ಸುಮ್ನಿರು ಅಂತಲ್ಲ. ಶಾಲೆಯಲ್ಲಿ ಯಾರಾದರೂ ನಿಮ್ಮ ಮಗುವನ್ನು ಕಾಡಿದರೆ ಅದು ಸಹಿಸಿಕೊಳ್ಳಬೇಕಾಗಿಲ್ಲ, ನೇರ ನನ್ನ ಕೋಣೆಗೆ ಬಂದು ಹೇಳಲಿ. ಮಾಂಟ್ಗೊಮರಿಯವರೂ ಸುಮ್ನಿರಲಿಲ್ಲ ಅಲ್ವಾ? ಊರಿನ ಬಸ್ಸುಗಳಲ್ಲಿ ಜಾಸ್ತಿ ಓಡಾಡುತ್ತಿದ್ದವರೇ ಅವರು. ಒಂದು ಕಲ್ಲೂ ಎಸೆಯದೆ ಕಂಪನಿಯ ಗಲ್ಲಾಪೆಟ್ಟಿಗೆ ಖಾಲಿ ಮಾಡಿದರು.

ನಾಟಕ ನಿಲ್ಲಿಸುವುದಿಲ್ಲ. ಇನ್ನು ಮುಂದೆ ಪ್ರತಿ ಅಭ್ಯಾಸಕ್ಕೂ ಇಬ್ಬರು ಶಿಕ್ಷಕರು ಇರುತ್ತಾರೆ. ಬಿದ್ದ ಹುಡುಗನೂ ತಳ್ಳಿದ ಹುಡುಗನೂ ಪಾತ್ರ ಅದಲುಬದಲು ಮಾಡಿಕೊಂಡಿದ್ದಾರೆ, ನಾವು ಹೇಳದೆಯೇ.

ಈ ಶನಿವಾರ ಬೆಳಿಗ್ಗೆ 10 ಗಂಟೆಗೆ ಬಂದು ನೋಡಿ.

ಇಂತಿ,
ಮುಖ್ಯ ಶಿಕ್ಷಕಿ